ಮೇಷ್ಟ್ರ ಮನೆಯ ಜಿಂಕೆ ಬುರುಡೆ

ನಮ್ಮ ಊರಿನಲ್ಲಿ ಜಿಂಕೆ ಹೊಡೆದವನ ಮಾತು ಹೋಗುತ್ತದೆ. ಜಿಂಕೆ ನೆಲಕ್ಕೆ ಬಿದ್ದ ಗಳಿಗೆಯಲ್ಲಿ ಹೋದ ಮಾತು, ಅದರ ಬುರುಡೆಯಲ್ಲಿ ಮಾಂಸದ ಒಂದು ಎಳೆಯೂ ಉಳಿಯದ ಹಾಗೆ ಚೊಕ್ಕಟವಾದಾಗ ವಾಪಸು ಬರುತ್ತದೆ. ಚೊಕ್ಕಟ ಮಾಡುವವನು ನಾನು. ಹೆಸರು ಹೊನ್ನಯ್ಯ. ಮೂವತ್ತೊಂದು ವರ್ಷದಿಂದ ಇದೇ ಕೆಲಸ. ನನಗಿಂತ ಮೊದಲು ನನ್ನ ಸೋದರಮಾವ ಮಾಡುತ್ತಿದ್ದ.

ಒಂದು ಬುರುಡೆಗೆ ಮೂರು ವಾರ ಹಿಡಿಯುತ್ತದೆ. ಆ ಮೂರು ವಾರಕ್ಕೆ ಊರು ಒಗ್ಗಿಹೋಗಿದೆ. ಬಸ್‌ಸ್ಟ್ಯಾಂಡಿನ ಪಕ್ಕದ ಅಂಗಡಿಯಲ್ಲಿ ಕೊರಳಿಗೆ ಹಾಕಿಕೊಳ್ಳುವ ದಾರ ಕಟ್ಟಿದ ಸ್ಲೇಟು ಸಿಗುತ್ತದೆ. ಬೇಟೆಯಾಡಿದವನ ಮೇಲೆ ಸಿಟ್ಟಿದ್ದವರು ಆ ದಿನಗಳಲ್ಲೇ ಅವನ ಮನೆಗೆ ಹೋಗಿ, ಹೇಳಬೇಕಾದ್ದನ್ನೆಲ್ಲ ಹೇಳಿ, ಕಾಫಿ ಕುಡಿದು ಬರುತ್ತಾರೆ. ನಮ್ಮ ಕ್ಷೌರದ ಅಂಗಡಿಯ ಪುಟ್ಟಸ್ವಾಮಿ, ಇಂಥ ಗಿರಾಕಿಗಳ ಗಡ್ಡವೇ ಚೆನ್ನಾಗಿ ಬರುತ್ತದೆ ಎನ್ನುತ್ತಾನೆ.

ಇಷ್ಟು ಕಷ್ಟಪಟ್ಟು ಜಿಂಕೆ ಯಾಕೆ ಹೊಡೆಯಬೇಕು ಎಂದರೆ, ಚಾವಡಿಗಾಗಿ. ಊರ ನಡುವೆ ಕೊಂಬಿನ ಚಾವಡಿ ಇದೆ. ಒಂದು ಮನೆಗೆ ಒಂದು ಬುರುಡೆ ಎಂಬ ಲೆಕ್ಕದಲ್ಲಿ ಅದರ ಗೋಡೆಯ ಮೇಲೆ ನಲವತ್ತಮೂರು ಬುರುಡೆಗಳಿವೆ. ಒಂದೊಂದರ ಕೆಳಗೂ ಹೊಡೆದವನ ಹೆಸರು ಬರೆದ ಹಲಗೆ. ಹಲಗೆಯ ಮೇಲೆ ಹೆಸರಿದ್ದವರು ಒಳಗೆ ಬೆಂಚಿನ ಮೇಲೆ ಕೂತು ಮಾತಾಡಬಹುದು. ಮಿಕ್ಕವರು ಬಾಗಿಲ ಹೊರಗೆ ನಿಂತು ಕೇಳಿಸಿಕೊಳ್ಳಬಹುದು. ಯಾವ ಬೀದಿಗೆ ದೀಪ, ಯಾವ ಕಾಲುವೆಗೆ ಕಾಲುಸಂಕ, ಶಾಲೆಗೆ ಎಷ್ಟು ಹೆಂಚು, ಎಲ್ಲ ತೀರ್ಮಾನವಾಗುವುದು ಅಲ್ಲೇ. ಹೆಸರು ಬರೆಯುವವನೂ ನಾನೇ. ನನ್ನ ಅಕ್ಷರ ದುಂಡಗಿದೆ, ಬಣ್ಣದ ಡಬ್ಬವೂ ನನ್ನ ಹತ್ತಿರವೇ ಇದೆ.

ಮರಿಸ್ವಾಮಯ್ಯ ಮೇಷ್ಟ್ರ ಹೆಸರು ಅಲ್ಲಿರಲಿಲ್ಲ. ಅವರು ನಮ್ಮೂರ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಮದುವೆಯಲ್ಲಿ ವಧೂವರರಿಗೆ ಹಿತವಚನ, ತಿಥಿಯಲ್ಲಿ ಸತ್ತವರ ಗುಣಗಾನ, ಬೋರ್‌ವೆಲ್‌ನಲ್ಲಿ ನೀರು ಬಿದ್ದರೆ ಗಂಗೆಯ ಮಹಿಮೆ, ಬೀಳದಿದ್ದರೆ ಭಗೀರಥನ ತಾಳ್ಮೆ. ಒಮ್ಮೆ ಬಸ್ಸು ಕೆಟ್ಟು ನಿಂತಾಗ ಪ್ರಯಾಣಿಕರಿಗೆ ಸಮಾಧಾನ ಹೇಳಲು ಶುರುಮಾಡಿ, ಬಸ್ಸು ಸರಿಹೋದ ಮೇಲೂ ಮುಕ್ಕಾಲು ಗಂಟೆ ಅದನ್ನು ನಿಲ್ಲಿಸಿಕೊಂಡಿದ್ದರು. ಅಂಥವರಿಗೆ ಚಾವಡಿಯಲ್ಲಿ ಬಾಯಿ ತೆರೆಯುವ ಹಕ್ಕಿರಲಿಲ್ಲ. ಮೂವತ್ತು ವರ್ಷ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಒಂದು ಸಲ ತಡೆಯಲಾರದೆ, ಶಾಲೆಯ ಹಿಂದಿನ ಗೋಡೆ ವಾಲಿದೆ ಎಂದು ಹೊರಗಿನಿಂದಲೇ ಕೂಗಿದರು. ಹೊರಗಿನ ದನಿ ನಡಾವಳಿ ಪುಸ್ತಕಕ್ಕೆ ಬರುವುದಿಲ್ಲ ಎಂದು ಕಾರ್ಯದರ್ಶಿ ಶೇಷಪ್ಪನವರು ಹೇಳಿದರು. ಗೋಡೆ ಭಾನುವಾರ ಬಿತ್ತು. ಮಕ್ಕಳಿರಲಿಲ್ಲ. ಕಪ್ಪುಹಲಗೆ ಎರಡು ಹೋಳಾಯಿತು.

ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ, ಬುರುಡೆ ಇಲ್ಲದ ಮನೆಯವರು ಎಂಟು ದಿನ ಕಾಡಿಗೆ ಹೋಗಬಹುದು. ಮೇಷ್ಟ್ರು ಇಪ್ಪತ್ತಾರು ವರ್ಷ ಹೋಗಿ ಬರಿಗೈಲಿ ಬಂದಿದ್ದರು. ಕಾಡಿನಲ್ಲೂ ಮಾತಾಡುತ್ತಾರೆ, ಜಿಂಕೆ ನಿಂತು ಕೇಳಿಸಿಕೊಳ್ಳುವ ಪ್ರಾಣಿಯಲ್ಲ ಎಂದು ಜೊತೆಗೆ ಹೋದವರು ಹೇಳುತ್ತಿದ್ದರು. ಆಮೇಲೆ ಜೊತೆಗೆ ಹೋಗುವವರೇ ಇಲ್ಲವಾದರು. ಬುತ್ತಿಯ ಗಂಟು ಹೊರಲು ಹೆಂಡತಿ ದೇವೀರಮ್ಮನವರನ್ನು ಕರೆದುಕೊಂಡು ಹೋಗತೊಡಗಿದರು.

ಈ ಸಲ ಐದನೆಯ ದಿನವೇ ಬಂದರು. ಬೆಳಿಗ್ಗೆ ನಾನು ಅಂಗಳ ಗುಡಿಸುತ್ತಿದ್ದೆ. ಮುಂದೆ ಮೇಷ್ಟ್ರು, ಕೊರಳಲ್ಲಿ ಸ್ಲೇಟು. ಸ್ಲೇಟಿನ ಮೇಲೆ ದೊಡ್ಡದಾಗಿ ‘ಹೊಡೆದೆ’ ಎಂದಿತ್ತು. ಹಿಂದೆ ದೇವೀರಮ್ಮ, ಸೊಂಟದ ಮೇಲೆ ಮುತ್ತುಗದ ಎಲೆ ಮುಚ್ಚಿದ ಕುಕ್ಕೆ. ಎಲೆಯ ನಡುವಿನಿಂದ ಮೂರು ಮೂರು ಕವಲಿನ ಎರಡು ಕೊಂಬು ಮೇಲೆದ್ದಿದ್ದವು.

“ಬನ್ನಿ ಮೇಷ್ಟ್ರೇ. ಕೊನೆಗೂ ಆಯ್ತಲ್ಲ,” ಎಂದೆ.

ಮೇಷ್ಟ್ರು ಒರೆಸಿ ಬರೆದರು: ‘ಒಂದೇ ಗುಂಡು. ಎಡ ಭುಜದ ಹಿಂದೆ. ವಿವರ ಆಮೇಲೆ ಬಾಯಲ್ಲಿ ಹೇಳುತ್ತೇನೆ.’

“ಕೊಂಬಿಗೆ ಏಟು ಬಿದ್ದಿಲ್ಲ ತಾನೆ?”

‘ಇಲ್ಲ. ಕೊಂಬು ಎಂಬುದು...’ ಎಂದು ಶುರುಮಾಡಿ, ಸ್ಲೇಟಿನಲ್ಲಿ ಜಾಗ ಸಾಲದೆ ನಿಲ್ಲಿಸಿದರು. ದೇವೀರಮ್ಮ ಕುಕ್ಕೆ ಇಳಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು, ನನ್ನನ್ನು ನೋಡಿ ತಲೆಯಾಡಿಸಿದರು. ನಾನೂ ತಲೆಯಾಡಿಸಿದೆ. ಅವರು ಹೋದರು.

ಕೆಲಸ ಶುರುವಾಯಿತು. ಮೊದಲು ಚರ್ಮ. ಕೊಂಬಿನ ಬುಡದಲ್ಲಿ ಚೂರಿಯನ್ನು ಸುತ್ತ ಆಡಿಸಿ, ಹಣೆಯಿಂದ ಮೂತಿಯ ಕಡೆಗೆ ಅಂಗಿ ಬಿಚ್ಚಿದ ಹಾಗೆ ಎಳೆದು ತೆಗೆಯಬೇಕು. ಆಮೇಲೆ ಕಣ್ಣು, ನಾಲಗೆ, ಕೆಳದವಡೆ. ಮಿದುಳು ತೆಗೆಯುವುದಕ್ಕೆ ಕುತ್ತಿಗೆ ಸೇರುವ ಕಡೆ ಒಂದು ತೂತಿರುತ್ತದೆ. ಅದರೊಳಗೆ ಕೊಕ್ಕೆ ಬಗ್ಗಿಸಿದ ತಂತಿ ಬಿಟ್ಟು ಕಲಕಿ, ನೀರು ಹುಯ್ದು ಅಲುಗಿಸಿ ಚೆಲ್ಲಬೇಕು. ನೀರು ತಿಳಿಯಾಗುವ ತನಕ ಹುಯ್ಯುತ್ತಲೇ ಇರಬೇಕು. ಮಧ್ಯಾಹ್ನದ ಹೊತ್ತಿಗೆ ಅಷ್ಟು ಮುಗಿಯಿತು. ಮಧ್ಯಾಹ್ನ ಊಟ ಬಂತು. ಬುರುಡೆ ನನ್ನ ಅಂಗಳದಲ್ಲಿ ಇರುವಷ್ಟು ದಿನ ಬೇಟೆಯ ಮನೆಯಿಂದ ನನಗೆ ಊಟ ಬರುವುದು ಪದ್ಧತಿ. ದೇವೀರಮ್ಮ ಕ್ಯಾರಿಯರ್ ತಂದು ಕಟ್ಟೆಯ ಮೇಲಿಟ್ಟು, ಹಿಂದಿನ ದಿನದ್ದನ್ನು ತೆಗೆದುಕೊಂಡು ಹೋಗುತ್ತಿದ್ದರು. ಮುದ್ದೆ, ಸೊಪ್ಪಿನ ಸಾರು, ಒಂದೊಂದು ದಿನ ಹುರುಳಿಕಾಳು. ನನ್ನ ಹೆಂಡತಿ ಹೋಗಿ ಒಂಬತ್ತು ವರ್ಷವಾಗಿದೆ. ಹಾಗಾಗಿ ಈ ಪದ್ಧತಿಯ ಬಗ್ಗೆ ನನಗೆ ಗೌರವವಿದೆ.

ಎರಡನೆಯ ದಿನ ಹಂಡೆ. ಜನ ಏನೆಂದುಕೊಂಡಿದ್ದಾರೆಂದರೆ, ಕುದಿಸಿದರಾಯಿತು ಎಂದು. ಕುದಿಸಿದರೆ ಬುರುಡೆ ಹಾಳು. ಹಲ್ಲು ಕಳಚುತ್ತವೆ, ಮೂಗಿನ ಎಲುಬು ಬಾಯಿಬಿಡುತ್ತದೆ, ಕೊಬ್ಬು ಎಲುಬಿನೊಳಕ್ಕೇ ಇಳಿದು ಆಮೇಲೆ ಹಳದಿಯಾಗಿ ಹೊರಬರುತ್ತದೆ. ಹಂಡೆಯ ತಳದಿಂದ ಸಾಸಿವೆಯಷ್ಟು ಗುಳ್ಳೆ ಏಳಬೇಕು, ಅಷ್ಟೇ. ಕೊಂಬಿಗೆ ಬಟ್ಟೆ ಸುತ್ತಿ ನೀರಿನ ಮೇಲೆ ನಿಲ್ಲುವ ಹಾಗೆ ಕಟ್ಟಿರಬೇಕು. ಗಂಟೆಗೊಮ್ಮೆ ಎತ್ತಿ ಬಿದಿರ ಚೆಕ್ಕೆಯಿಂದ ಕೆರೆಯಬೇಕು, ಮತ್ತೆ ಇಳಿಸಬೇಕು. ಸಂಜೆಗೆ ದೊಡ್ಡ ಮಾಂಸವೆಲ್ಲ ಹೋಗುತ್ತದೆ. ಉಳಿಯುವುದು ಸಣ್ಣದು, ಸತಾಯಿಸುವುದೂ ಅದೇ. ಮೂಗಿನೊಳಗೆ ಹಪ್ಪಳದ ಹಾಗೆ ಸುರುಳಿ ಸುತ್ತಿದ ತೆಳು ಎಲುಬುಗಳಿರುತ್ತವೆ, ಕಿವಿಯ ಹತ್ತಿರ ಗೋಲಿಯಂಥ ಟೊಳ್ಳು ಎಲುಬಿರುತ್ತದೆ. ಅವುಗಳ ಒಳಗಿನದು ಕೊಕ್ಕೆಗೆ ಸುಲಭಕ್ಕೆ ಸಿಕ್ಕುವುದಿಲ್ಲ. ತೊಟ್ಟಿಯ ನೀರಿನಲ್ಲಿ ನೆನೆಹಾಕಿ, ದಿನಾ ನೀರು ಬದಲಾಯಿಸಿ, ತಾನಾಗಿ ಕರಗುವ ತನಕ ಕಾಯಬೇಕು. ವಾಸನೆ ಬರುತ್ತದೆ. ನನ್ನ ಮನೆ ಊರಿನ ಕೊನೆಗೆ ಇರುವುದು ಅದಕ್ಕೇ.

ಮೇಷ್ಟ್ರು ದಿನಾ ಬಂದು ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದರು. ಬಳಪ ಬಹಳ ಖರ್ಚಾಗುತ್ತಿತ್ತು. ‘ನೀರು ಸಾಲದು.’ ‘ಬಿಸಿ ಹೆಚ್ಚಾಯಿತೇನೋ.’ ‘ಹಲ್ಲಿನ ಸಂಖ್ಯೆಯ ಬಗ್ಗೆ ನಿಮ್ಮ ಅಭಿಪ್ರಾಯವೇನು?’ ನಾನು ಒಂದೊಂದಕ್ಕೂ ಉತ್ತರ ಹೇಳುತ್ತಿದ್ದೆ. ಹತ್ತನೆಯ ದಿನ ಶೇಷಪ್ಪನವರು ಬಂದು ಪಂಚಾಂಗ ನೋಡಿ, ಇಪ್ಪತ್ತೆರಡನೆಯ ದಿನ ಬೆಳಿಗ್ಗೆ ಚಾವಡಿಯಲ್ಲಿ ಬುರುಡೆ ಏರಿಸುವುದೆಂದು ಗೊತ್ತುಮಾಡಿದರು.

“ಮೇಷ್ಟ್ರು ಅವತ್ತು ನಾಲ್ಕು ಮಾತು ಆಡ್ತಾರಲ್ಲ?” ಎಂದು ನಕ್ಕರು.

ಮೇಷ್ಟ್ರು ಚೀಲದಿಂದ ಬರೆದ ಕಾಗದದ ಕಟ್ಟು ತೆಗೆದು ತೋರಿಸಿದರು. ಅರವತ್ತೆರಡು ಪುಟ. ಶೇಷಪ್ಪನವರು ನಗುವುದು ನಿಲ್ಲಿಸಿದರು.

ಹದಿನಾರನೆಯ ದಿನ ಆದದ್ದು ಹೀಗೆ. ಅಂಟುವಾಳ ಕಾಯಿ ಹಾಕಿ ಕಾಯಿಸಿದ ನೀರನ್ನು ಹಂಡೆಯಿಂದ ಬಕೆಟ್ಟಿಗೆ ಬಗ್ಗಿಸುತ್ತಿದ್ದೆ. ಎಲುಬಿನ ಜಿಡ್ಡು ಬಿಡುವುದಕ್ಕೆ ಅದು ಬೇಕು. ಮೇಷ್ಟ್ರು ಬುರುಡೆಯ ಮೂತಿಯ ಒಳಗೆ ಇಣುಕಿ ನೋಡಲು ಬಗ್ಗಿ, ಹಿಂದಕ್ಕೆ ಸರಿದು, ಬಕೆಟ್ಟಿನೊಳಗೆ ಕಾಲಿಟ್ಟರು.

“ಅಯ್ಯಯ್ಯಪ್ಪೋ! ಬೆಂದೇ ಹೋಯ್ತಲ್ಲಯ್ಯ!”

ಕೂಗು ಆಚೆಯ ಹುಣಸೆಮರದ ಕಾಗೆಗಳನ್ನು ಎಬ್ಬಿಸಿತು. ನಾನು ಬುರುಡೆಯನ್ನು ನೋಡಿದೆ. ಹಲಗೆಯ ಮೇಲೆ ಮುಖ ಮೇಲಾಗಿ ಇತ್ತು. ಮೂಗಿನೊಳಗೆ, ಹಪ್ಪಳದ ಎಲುಬುಗಳ ನಡುವೆ, ಕಂದು ಬಣ್ಣದ ಮಾಂಸ ಬರಿಗಣ್ಣಿಗೇ ಕಾಣುತ್ತಿತ್ತು. ಮೇಷ್ಟ್ರನ್ನು ನೋಡಿದೆ. ಅವರು ಒಂಟಿಕಾಲಲ್ಲಿ ನಿಂತು ಸ್ಲೇಟು ತೆಗೆದುಕೊಂಡು ಬರೆದರು: ‘ನಿಮಗೇನೂ ಕೇಳಿಸಲಿಲ್ಲ ತಾನೆ?’

“ಕೇಳಿಸ್ತು ಮೇಷ್ಟ್ರೇ.”

ಅವರು ‘ತಾನೆ’ ಒರೆಸಿದರು. ಅದರ ಜಾಗದಲ್ಲಿ ಏನು ಬರೆಯುವುದೆಂದು ತಿಳಿಯದೆ ಬಳಪ ಹಿಡಿದು ನಿಂತರು. ನಾನು ಅವರನ್ನು ಕೂರಿಸಿ ಕಾಲಿಗೆ ತಣ್ಣೀರು ಹುಯ್ದೆ.

“ಈ ಜಿಂಕೆ ನೀವು ಹೊಡೆದದ್ದಲ್ಲ,” ಎಂದೆ.

“ಅಲ್ಲ,” ಎಂದರು. ಹದಿನಾರು ದಿನ ಊರಿನ ಎದುರು ಮುಚ್ಚಿಟ್ಟುಕೊಂಡಿದ್ದ ದನಿ ಸ್ವಲ್ಪ ಕೀರಲಾಗಿತ್ತು.

“ಮತ್ತೆ ಯಾರು?”

ಮೇಷ್ಟ್ರು ಉತ್ತರ ಕೊಡುವ ಮೊದಲೇ ಬೇಲಿಯ ಗೇಟು ಸದ್ದಾಯಿತು. ದೇವೀರಮ್ಮ ಊಟ ತಂದಿದ್ದರು. ಗಂಡನ ಕೆಂಪಾದ ಕಾಲು ನೋಡಿ ಬೇಗ ಬೇಗ ಬಂದರು, ಮಂಡಿಯೂರಿ ಕೂತರು, ಸೆರಗು ಒದ್ದೆ ಮಾಡಿ ಕಾಲಿಗೆ ಸುತ್ತಿದರು. ಯಾವ ಹೆಂಗಸೇ ಆಗಲಿ ಆ ಹೊತ್ತಿಗೆ ‘ಅಯ್ಯೋ’ ಎನ್ನುತ್ತಾಳೆ. ಅವರು ಬಾಯಿ ತೆರೆದರು. ದನಿ ಬರಲಿಲ್ಲ.

ನಾನು ಹಿಂದಿನ ದಿನಗಳನ್ನು ಒಂದೊಂದಾಗಿ ನೆನೆದೆ. ಹದಿನಾರು ಸಲ ಅವರು ನನ್ನ ಅಂಗಳಕ್ಕೆ ಬಂದಿದ್ದರು. ಹದಿನೈದು ದಿನ ನಾನು ಅವರು ತಂದಿಟ್ಟ ಊಟ ಉಂಡಿದ್ದೆ. ಒಂದು ಮಾತೂ ಆಡಿರಲಿಲ್ಲ ಅವರು. ಮಾತು ಹೋದವರನ್ನು ಗುರುತಿಸುವುದು ನನ್ನ ಕಸುಬು. ನನಗೆ ಗೊತ್ತಾಗಿರಲಿಲ್ಲ.

“ಹೊಡೆದದ್ದು ನೀವಾ, ತಾಯಿ?”

ದೇವೀರಮ್ಮ ಗಂಡನ ಮುಖ ನೋಡಿದರು. ಮೇಷ್ಟ್ರು ಹುಣಸೆಮರ ನೋಡಿದರು. ದೇವೀರಮ್ಮ ಅವರ ಕೊರಳಿನಿಂದ ಸ್ಲೇಟು ಬಿಡಿಸಿಕೊಂಡು, ಸೆರಗಿನ ತುದಿಯಿಂದ ಒರೆಸಿ ಬರೆದರು. ಅಕ್ಷರ ನನ್ನದಕ್ಕಿಂತ ದುಂಡಗಿತ್ತು.

‘ಅವರ ಕನ್ನಡಕಕ್ಕೆ ಮಂಜು ಹಿಡಿದಿತ್ತು. ಒರೆಸುತ್ತಾ ಕೂತರು. ಜಿಂಕೆ ಹೊರಟುಹೋಗುತ್ತಿತ್ತು.’

“ಕೋವಿ ನನ್ನ ಪಕ್ಕದಲ್ಲೇ ಇತ್ತು ಹೊನ್ನಯ್ಯ,” ಎಂದರು ಮೇಷ್ಟ್ರು. “ಇವಳು ಎತ್ತಿಕೊಂಡದ್ದೂ ಗೊತ್ತಾಗಲಿಲ್ಲ. ಸದ್ದಾಯ್ತು. ಕನ್ನಡಕ ಹಾಕ್ಕೊಂಡು ನೋಡ್ತೀನಿ, ಬಿದ್ದಿದೆ. ‘ಏನೇ ಇದು’ ಅಂದೆ. ಇವಳು ಬಾಯಿ ತೋರಿಸಿದಳು. ನನ್ನ ಮಾತು ಇದೆ, ಇವಳದು ಇಲ್ಲ.”

“ಮನೇಲಿ ಹೇಗೆ ನಡೀತಿದೆ?”

“ಮನೇಲಿ ನಾನು ಮಾತಾಡ್ತೀನಿ, ಇವಳು ಕೇಳಿಸ್ಕೋತಾಳೆ,” ಎಂದರು. ಸ್ವಲ್ಪ ಯೋಚಿಸಿ, “ಮೊದಲಿಂದಲೂ ಹಾಗೇ,” ಎಂದು ಸೇರಿಸಿದರು.

ಆಮೇಲೆ ಮೇಷ್ಟ್ರು ನನ್ನ ಕೈ ಹಿಡಿದುಕೊಂಡರು. ಹಲಗೆಯ ಮೇಲೆ ತಮ್ಮ ಹೆಸರೇ ಬರೆಯಬೇಕು ಎಂದರು. ಒಂದು ಮನೆಗೆ ಒಂದು ಬುರುಡೆ, ಮನೆ ತಮ್ಮದು, ಬೇಟೆಗೆ ಹೋಗುವ ಚೀಟಿ ತಮ್ಮದು, ಕೋವಿ ತಮ್ಮದು ಎಂದರು. ತಮ್ಮ ತಂದೆಯೂ ಆ ಬಾಗಿಲ ಹೊರಗೇ ನಿಂತು ಸತ್ತರು ಎಂದರು. “ವಾಲಿದ ಗೋಡೆ ನನ್ನ ಕಣ್ಣಿಗೆ ಕಾಣ್ತಿತ್ತು ಹೊನ್ನಯ್ಯ. ಹೇಳೋಕೆ ಬಿಡ್ಲಿಲ್ಲ. ಭಾನುವಾರದ ಬದಲು ಸೋಮವಾರ ಬಿದ್ದಿದ್ರೆ?” ಅವರ ಕಣ್ಣು ಒದ್ದೆಯಾಗಿತ್ತು. ಅವರ ಭಾಷಣಗಳನ್ನು ನಾನು ತುಂಬ ಕೇಳಿದ್ದೇನೆ. ಇದು ಭಾಷಣವಾಗಿರಲಿಲ್ಲ.

ನಾನು ದೇವೀರಮ್ಮನವರ ಕಡೆ ತಿರುಗಿದೆ. “ಯಾರ ಹೆಸರು ಬರೀಲಿ, ತಾಯಿ?”

ಅವರು ಬಳಪವನ್ನು ಬೆರಳಲ್ಲಿ ಹೊರಳಿಸಿದರು. ಆಮೇಲೆ ಬರೆದರು: ‘ಮಾತು ಬಂದ ಮೇಲೆ ಹೇಳ್ತೀನಿ.’ ಅದರ ಕೆಳಗೆ ಸ್ವಲ್ಪ ಸಣ್ಣದಾಗಿ, ‘ಚಾವಡಿಯಲ್ಲಿ.’

ಇಲ್ಲಿ ನನಗೆ ತೊಂದರೆ ಶುರುವಾಯಿತು. ನನ್ನ ಅಂದಾಜಿನ ಪ್ರಕಾರ ಬುರುಡೆ ಹತ್ತೊಂಬತ್ತನೆಯ ದಿನಕ್ಕೆ ಚೊಕ್ಕಟವಾಗಬೇಕು. ಹಾಗಾದರೆ ದೇವೀರಮ್ಮನವರ ಮಾತು ಮನೆಯಲ್ಲೇ, ಮೇಷ್ಟ್ರ ಎದುರಿಗೇ ಬರುತ್ತದೆ. ಆಮೇಲೆ ಮೂರು ದಿನ ಮೇಷ್ಟ್ರು ಅವರಿಗೆ ತಿಳಿಹೇಳುತ್ತಾರೆ. ಮೇಷ್ಟ್ರು ಮೂರು ದಿನ ತಿಳಿಹೇಳಿದರೆ ನಾನೇ ಜಿಂಕೆ ಹೊಡೆದೆ ಎಂದು ನಾನು ಒಪ್ಪಿಕೊಂಡೇನು. ಹಾಗೆಂದು ಒಬ್ಬರ ಮಾತನ್ನು ಅವಧಿ ಮೀರಿ ನನ್ನ ಅಂಗಳದಲ್ಲಿ ಇಟ್ಟುಕೊಳ್ಳುವುದು ಸರಿಯೇ? ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ತಡಮಾಡಿದವನಲ್ಲ. ಮರುದಿನ ಊಟ ತಂದಾಗ ಅವರನ್ನೇ ಕೇಳಿದೆ.

“ಒಂದು ಎಳೆ ಉಳಿಸಿ, ಚಾವಡೀಲೇ ತೆಗೀತೀನಿ. ಮೂರು ದಿನ ಜಾಸ್ತಿ ಆಗುತ್ತೆ. ಆಗ್ಲಾ?”

ಆಗಲಿ ಎಂಬಂತೆ ತಲೆಯಾಡಿಸಿದರು. ಆ ದಿನದಿಂದ ನಾನೂ ಊಟದ ಬಗ್ಗೆ ಒಂದೆರಡು ಮಾತು ಹೇಳತೊಡಗಿದೆ. ಹುರುಳಿಕಾಳಿಗೆ ಉಪ್ಪು ಸ್ವಲ್ಪ ಹೆಚ್ಚು ಎಂದೆ. ಮರುದಿನ ಸರಿಯಾಗಿತ್ತು.

ತೆಗೆಯುವುದು ಕಲಿತವನಿಗೆ ಉಳಿಸುವುದು ಕಷ್ಟ. ಎಡಗಿವಿಯ ಗೋಲಿ ಎಲುಬಿನೊಳಗೆ ಒಂದು ಎಳೆ ಗೊತ್ತುಮಾಡಿಕೊಂಡು, ಮಿಕ್ಕ ಕಡೆಯೆಲ್ಲ ಕೊಕ್ಕೆಯಿಂದಲೂ ಹಲ್ಲುಜ್ಜುವ ಬ್ರಷ್ಷಿನಿಂದಲೂ ಉಜ್ಜಿ ಚೊಕ್ಕಟ ಮಾಡಿದೆ. ಇನ್ನು ನೀರಿಗೆ ಹಾಕಿದರೆ ಎಳೆ ಕರಗುತ್ತದೆ, ಹೊರಗಿಟ್ಟರೆ ಇರುವೆ ತಿನ್ನುತ್ತದೆ. ಮೇಜಿನ ನಾಲ್ಕು ಕಾಲಿಗೂ ನೀರು ತುಂಬಿದ ಬಟ್ಟಲಿಟ್ಟೆ. ಸೂರಿನಿಂದ ಇಳಿಯುವ ಇರುವೆಗಳಿಗೆ ಅದು ತಿಳಿಯದು, ಅದಕ್ಕೆ ಮೇಲೆ ಸೊಳ್ಳೆಪರದೆ ಕಟ್ಟಿದೆ. ನಾನು ಸೊಳ್ಳೆಯ ಜೊತೆ ಮಲಗಿದೆ. ಔಷಧಿ ಅಂಗಡಿಯಿಂದ ತಂದ, ಗಾಯ ತೊಳೆಯುವ ನೊರೆ ನೀರನ್ನು ಹತ್ತಿಯಲ್ಲಿ ಅದ್ದಿ, ಎಡಗಿವಿ ಬಿಟ್ಟು, ಎಲುಬಿಗೆಲ್ಲ ಹಚ್ಚಿ ಬಿಸಿಲಿಗಿಟ್ಟೆ. ಬೆಳ್ಳಗಾಯಿತು. ಬ್ಲೀಚಿಂಗ್ ಪೌಡರ್ ಹಾಕಬಾರದು, ಎಲುಬು ಸುಣ್ಣದ ಉಂಡೆಯಾಗುತ್ತದೆ. ಸಡಿಲವಾಗಿದ್ದ ಎರಡು ಹಲ್ಲು ಗೋಂದಿನಿಂದ ಕೂರಿಸಿದೆ. ಹಲಗೆ ಮಾತ್ರ ಖಾಲಿ ಬಿಟ್ಟೆ.

ಇಪ್ಪತ್ತೊಂದನೆಯ ದಿನ ಮೇಷ್ಟ್ರು ಬಂದು ಹಲಗೆ ನೋಡಿದರು. ಸ್ಲೇಟು ಕೊರಳಲ್ಲೇ ಇತ್ತು, ಅದರ ಮೇಲೆ ಏನೂ ಬರೆದಿರಲಿಲ್ಲ. ಬೆಂಚಿನ ಮೇಲೆ ಕೂತು, ಎದ್ದು ಹೋದರು.

ಚಾವಡಿಯಲ್ಲಿ ಜನ ತುಂಬಿದ್ದರು. ಒಳಗೆ ಬೆಂಚುಗಳ ಮೇಲೆ ಹಲಗೆಯವರು, ಹೊರಗೆ ಬಾಗಿಲ ಎಡಬಲಕ್ಕೆ ಮಿಕ್ಕವರು. ಹೆಂಗಸರ ಮುಂದೆ ದೇವೀರಮ್ಮ ನಿಂತಿದ್ದರು. ಏರಿಸುವ ದಿನ ಬೇಟೆಗಾರ ಮೊದಲ ಸಲ ಹೊಸ್ತಿಲು ದಾಟಬಹುದು. ಹಾಗೆ ಮೇಷ್ಟ್ರು ಒಳಗೆ ಬಂದು ಗೋಡೆಯ ಪಕ್ಕ ನಿಂತರು, ಕೈಯಲ್ಲಿ ಅರವತ್ತೆರಡು ಪುಟ. ನಾನು ಬುರುಡೆಯನ್ನು ಮೇಜಿನ ಮೇಲಿಟ್ಟು ಬಟ್ಟೆ ತೆಗೆದೆ. ಚೆನ್ನಾಗಿ ಬಂದಿದೆ ಎಂದು ನಾಲ್ಕಾರು ಜನ ಹೇಳಿದರು.

ಶೇಷಪ್ಪನವರು ಹಲಗೆ ತಿರುಗಿಸಿ ನೋಡಿದರು. “ಹೆಸರೆಲ್ಲಿ ಹೊನ್ನಯ್ಯ?”

“ಒಂದು ಎಳೆ ಉಳಿದಿದೆ ಬುದ್ಧಿ. ಹೊಡೆದವರ ಮಾತು ಇನ್ನೂ ಬಂದಿಲ್ಲ. ಅವರೇ ಹೇಳಲಿ, ಬರೀತೀನಿ.”

“ಇಪ್ಪತ್ತೆರಡು ದಿನ ಏನು ಮಾಡ್ತಿದ್ದೆ?”

“ಇದನ್ನೇ,” ಎಂದು ಕೊಕ್ಕೆಯನ್ನು ಎಡಗಿವಿಗೆ ಬಿಟ್ಟೆ. ಎಳೆ ತೊಡಕಿಲ್ಲದೆ ಹೊರಬಂತು. ಅದನ್ನು ಕಾಗದದ ಮೇಲಿಟ್ಟೆ. ಎಲ್ಲರೂ ಮೇಷ್ಟ್ರ ಬಾಯಿ ನೋಡಿದರು. ನಾನು ಬಾಗಿಲ ಕಡೆ ನೋಡಿದೆ. ದೇವೀರಮ್ಮ ತುಟಿ ಅಲ್ಲಾಡಿಸಿದರು. ಏನೂ ಬರಲಿಲ್ಲ.

ಎಲ್ಲೋ ಇನ್ನೊಂದು ಎಳೆ ಇದೆ. ಬುರುಡೆ ಎತ್ತಿ ಬೆಳಕಿಗೆ ಹಿಡಿದೆ, ಮೂಗು ನೋಡಿದೆ, ಬಲಗಿವಿ ನೋಡಿದೆ. ಶೇಷಪ್ಪನವರು ಗಡಿಯಾರ ನೋಡಿಕೊಂಡರು. ಕೊನೆಗೆ ಬುರುಡೆಯನ್ನು ಬೋರಲು ಮಾಡಿ ಅಂಗೈಯಿಂದ ಮೆಲ್ಲಗೆ ತಟ್ಟಿದೆ. ಎಳ್ಳಿನಷ್ಟು ಏನೋ ಒಂದು ಕಾಗದದ ಮೇಲೆ ಬಿತ್ತು.

“ದೇವೀರಮ್ಮ ಅಂತ ಬರೀರಿ ಹೊನ್ನಣ್ಣ,” ಎಂದು ಬಾಗಿಲಿನಿಂದ ದನಿ ಬಂತು.

ಯಾರ ದನಿ ಎಂದು ಬೆಂಚಿನವರಲ್ಲಿ ಅರ್ಧ ಜನಕ್ಕೆ ತಿಳಿಯಲಿಲ್ಲ. ತಿಳಿದ ಮೇಲೆ ಗದ್ದಲವಾಯಿತು. ಶೇಷಪ್ಪನವರು ಮೇಜು ಕುಟ್ಟಿ, ಹೇಳಿದರಾಗಲಿಲ್ಲ, ಮಾತು ಹೋಗಿತ್ತು ಎಂಬುದಕ್ಕೆ ಸಾಕ್ಷಿ ಬೇಕು ಎಂದರು. ಹಾಲಿನ ಕಾಳಮ್ಮನನ್ನು ಕೇಳಿದರು. ದಿನಾ ಹಾಲು ಹಾಕಿಸಿಕೊಳ್ಳುತ್ತಿದ್ದರು, ಮಾತಾಡಿದ್ದರೋ ಇಲ್ಲವೋ ನೆನಪಿಲ್ಲ ಎಂದಳು. ಪಕ್ಕದ ಮನೆಯವರನ್ನು ಕೇಳಿದರು. ಮೇಷ್ಟ್ರ ಮನೆಯಿಂದ ಮಾತು ಕೇಳುತ್ತಲೇ ಇತ್ತು, ಯಾರದೆಂದು ಗಮನಿಸಲಿಲ್ಲ ಎಂದರು. ಪೂಜಾರಿಯೂ ಹೇಳಲಾರದೆ ಹೋದರು. ಇಡೀ ಊರು ಇಪ್ಪತ್ತೆರಡು ದಿನ ಆ ಹೆಂಗಸನ್ನು ನೋಡಿತ್ತು. ಅವರು ಮಾತಾಡಿದರೆಂದು ಹೇಳಬಲ್ಲವರೂ ಇರಲಿಲ್ಲ, ಆಡಲಿಲ್ಲವೆಂದು ಹೇಳಬಲ್ಲವರೂ ಇರಲಿಲ್ಲ.

“ನಾನು ಹೇಳ್ತೀನಿ,” ಎಂದೆ.

“ಮೊದಲ ದಿನದಿಂದಲೂ ನಿನಗೆ ಗೊತ್ತಿತ್ತಾ?” ಎಂದು ಶೇಷಪ್ಪನವರು ಕೇಳಿದರು. ಹದಿನಾರು ದಿನ ನನಗೇ ಗೊತ್ತಾಗಿರಲಿಲ್ಲ. ಹೌದು ಎನ್ನಲಾಗಲಿಲ್ಲ. ಕೂತೆ.

ದೇವೀರಮ್ಮ ಗಂಡನ ಕಡೆ ನೋಡಲಿಲ್ಲ. ನೋಡಿದ್ದರೆ ಸುಲಭವಾಗುತ್ತಿತ್ತೋ ಏನೋ.

ಮೇಷ್ಟ್ರು ಕಾಗದದ ಕಟ್ಟನ್ನು ಕಂಕುಳಿಗೆ ಸೇರಿಸಿದರು. ಕೊರಳಿನ ಸ್ಲೇಟು ತೆಗೆದು ಮೇಜಿನ ಮೇಲಿಟ್ಟರು. “ಇವಳು ಇಪ್ಪತ್ತೆರಡು ದಿನ ಮಾತಾಡಿಲ್ಲ,” ಎಂದರು. “ನಾನು ಆಡಿದೀನಿ. ಹೊಡೆದದ್ದು ಇವಳು.”

ಅವರು ಚಾವಡಿಯ ಒಳಗೆ ಆಡಿದ ಮಾತು ಅಷ್ಟೇ. ಆಡಿ, ಯಾರೂ ಹೇಳುವ ಮೊದಲೇ ಹೊಸ್ತಿಲು ದಾಟಿ ಹೊರಗೆ ಹೋಗಿ ಬಾಗಿಲ ಚೌಕಟ್ಟು ಹಿಡಿದು ನಿಂತರು. ಅಲ್ಲಿ ಕೈ ಇಡುವ ಜಾಗ ಸವೆದು ನುಣುಪಾಗಿದೆ.

ಶೇಷಪ್ಪನವರು ಸೋಲುವವರಲ್ಲ. “ಆದರೂ ‘ಹೊಡೆದವನು’ ಅಂತ ಪದ್ಧತಿ. ಹೆಂಗಸರ ವಿಚಾರ ಎಲ್ಲೂ ಇಲ್ಲ,” ಎಂದರು.

“ಬಾಗಿಲ ಮೇಲೆ ‘ಹೊಡೆದವರು’ ಅಂತಿದೆ,” ಎಂದು ಹೊರಗಿನಿಂದ ಮೇಷ್ಟ್ರು ಹೇಳಿದರು. “ಮೂವತ್ತು ವರ್ಷ ಅದರ ಕೆಳಗೇ ನಿಂತಿದೀನಿ. ‘ಜಿಂಕೆ ಹೊಡೆದವರು ಮಾತನಾಡತಕ್ಕದ್ದು.’ ಅವರು ಅಂದ್ರೆ ಗಂಡಸಿಗೂ ಆಗುತ್ತೆ, ಹೆಂಗಸಿಗೂ ಆಗುತ್ತೆ. ಏಳನೇ ಕ್ಲಾಸಿನ ಪಾಠ. ಶೇಷಪ್ಪ, ನಿನಗೂ ನಾನೇ ಮಾಡಿದ್ದೆ.”

ಇದು ಹೊರಗಿನ ದನಿ, ನಡಾವಳಿ ಪುಸ್ತಕಕ್ಕೆ ಬರಲಿಲ್ಲ. ಆದರೆ ಬೆಂಚಿನ ಮೇಲಿದ್ದವರಲ್ಲಿ ಇಬ್ಬರು ಎದ್ದು ಹೋಗಿ ಬಾಗಿಲ ಮೇಲೆ ನೋಡಿ ಬಂದರು. ಹೌದು ಎಂದರು.

ನಾನು ಬಣ್ಣದ ಡಬ್ಬ ತೆರೆದು ‘ದೇವೀರಮ್ಮ’ ಎಂದು ಬರೆದೆ. ‘ಮ್ಮ’ ಸ್ವಲ್ಪ ಇಳಿಜಾರಾಯಿತು. ಬುರುಡೆಯನ್ನು ನಲವತ್ತನಾಲ್ಕನೆಯ ಮೊಳೆಗೆ ಏರಿಸಿದೆವು. ದೇವೀರಮ್ಮ ಒಳಗೆ ಬಂದರು. ಮುಂದಿನ ಬೆಂಚಿನವರು ಒತ್ತಿಕೊಂಡು ಕೂತು ಜಾಗ ಬಿಟ್ಟರು, ಬೇಕಾದದ್ದಕ್ಕಿಂತ ಹೆಚ್ಚೇ ಬಿಟ್ಟರು. ಅವರು ಕೂರಲಿಲ್ಲ.

“ಏನಾದರೂ ಹೇಳೋದಿದೆಯೇನಮ್ಮ?” ಎಂದು ಶೇಷಪ್ಪನವರು ನಡಾವಳಿ ಪುಸ್ತಕ ಮುಚ್ಚುತ್ತಾ ಕೇಳಿದರು. ಹೊಸಬರನ್ನು ಹಾಗೆ ಕೇಳುವುದು ಪದ್ಧತಿ. ಹೊಸಬರು ಕೈಮುಗಿದು ಕೂರುವುದೂ ಪದ್ಧತಿ.

“ಇದೆ,” ಎಂದರು ದೇವೀರಮ್ಮ. ಬೆಂಚುಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದರು, ಬಾಗಿಲ ಹೊರಗಿನವರನ್ನೂ ನೋಡಿದರು. “ಸ್ವಲ್ಪ ಹೊತ್ತು ಹಿಡಿಯುತ್ತೆ. ಯಾರಾದ್ರೂ ಒಲೆ ಮೇಲೆ ಏನಾದ್ರೂ ಇಟ್ಟು ಬಂದಿದ್ರೆ, ಹೋಗಿ ಇಳಿಸಿ ಬನ್ನಿ.”

ಆರು ಜನ ಎದ್ದು ಹೋದರು. ಆರು ಜನವೂ ವಾಪಸು ಬಂದರು.